ಧಾರವಾಡದ ಮಳೆಯೂ ದ್ವಿಮಾನ ಕಡತವೂ

ಧಾರವಾಡ, ಹುಬ್ಬಳ್ಳಿಗಳ ನಡುವಣ ದೂರ ಸುಮಾರು 20 ಕಿಲೋಮೀಟರು ಮಾತ್ರ. ಆದರೂ ಈ ಎರಡು ಊರುಗಳ ಮಳೆ ಒಂದೇ ಬಗೆಯದಲ್ಲವೆಂಬುದು ಅಲ್ಲಿಯ ಜನರ ಅನುಭವ. ಧಾರವಾಡವು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಅಳ್ನಾವರದ ಕಡೆಗೆ ಹೋದರೆ ಮಳೆ ಹೆಚ್ಚುತ್ತ ನಡೆದು ಭತ್ತದ ಗದ್ದೆಗಳೂ ಕಾಡೂ ಎದುರಾಗುವುವು. ಪೂರ್ವಕ್ಕೆ ನವಲಗುಂದದ ಕಡೆಗೆ ಹೋದರೆ ಮಳೆ ತಗ್ಗುತ್ತ ನಡೆದು ಹತ್ತಿ, ಜೋಳ, ಕಡಲೆಗಳನ್ನು ಬೆಳೆಯುವ ಎರೆಯ ಬಯಲು ಹರಡಿಕೊಳ್ಳುವುದು. ಇಂತಹ ನಾಡಿನಲ್ಲಿ ಮಳೆಯ ಲೆಕ್ಕ ಹಾಕುವವರು ಇಪ್ಪತ್ತು ಮೂವತ್ತು ಕಿಲೋಮೀಟರುಗಳಷ್ಟು ಅತ್ತಿತ್ತ ಸರಿದರೂ ಬೇರೊಂದು ಬೆಳೆಯ ಸೀಮೆಯ ಲೆಕ್ಕವನ್ನು ಹಿಡಿದಂತಾಗುವುದು.

ಈಗ ಒಂದು ಸಂದರ್ಭವನ್ನು ಭಾವಿಸೋಣ. ಧಾರವಾಡದಲ್ಲಿ 1986ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವಿದೆ. 2016ರಲ್ಲಿ ಆರಂಭವಾದ ಐಐಟಿಯೂ ಇದೆ. ಇಂತಹ ವಿದ್ಯಾಕೇಂದ್ರಗಳಿರುವ ಊರಿನಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಪ್ರಶ್ನೆ ಹುಟ್ಟಿತು ಎನ್ನೋಣ: ಆರಿದ್ರಾ ಮಳೆಯ ನಡುವೆ ಬರುವ ಜುಲೈ 1ನೆಯ ತಾರೀಖಿನಂದು ಧಾರವಾಡದಲ್ಲಿ ಕಳೆದ ಒಂದು ಶತಮಾನದಲ್ಲಿ ಎಷ್ಟೆಷ್ಟು ಮಳೆಯಾಗಿದೆ? ಉತ್ತರ ದೊರೆಯದ ಪ್ರಶ್ನೆಯೇನೂ ಇದಲ್ಲ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು 1901ರಿಂದ ಮೊದಲುಗೊಂಡು ದೇಶದ ದಿನದಿನದ ಮಳೆಯನ್ನು ಜಾಲರೂಪದಲ್ಲಿ ಸಿದ್ಧಪಡಿಸಿ, ವರ್ಷಕ್ಕೊಂದು ಕಡತದಂತೆ ಒದಗಿಸುತ್ತಿದೆ. 6,955 ಮಳೆಮಾಪನ ಕೇಂದ್ರಗಳ ದಾಖಲೆಗಳನ್ನು ಬಳಸಿ ಈ ಜಾಲವನ್ನು ರಚಿಸಲಾಯಿತು.

ವಿದ್ಯಾರ್ಥಿನಿಯು ಒಂದು ವರ್ಷದ ಕಡತವನ್ನು ಪಡೆದು, ಕಾಗದ ಪತ್ರಗಳನ್ನು ಓದುವ ಸಾಮಾನ್ಯ ಪ್ರೋಗ್ರಾಮಿನಲ್ಲಿ ತೆರೆಯುತ್ತಾಳೆ. ತೆರೆಯ ಮೇಲೆ ಒಂದು ಅಂಕಿಯೂ ಇಲ್ಲ. ಅರ್ಥವಿಲ್ಲದ ಅಕ್ಷರಗಳೂ ಚೌಕಗಳೂ ಚಿಹ್ನೆಗಳೂ ತುಂಬಿಕೊಂಡಿವೆ. ಕಡತ ಕೆಟ್ಟಿದೆಯೆ? ಇಲ್ಲ, ಅದು ಸುಸ್ಥಿತಿಯಲ್ಲಿಯೇ ಇದೆ. ಆದರೆ ಅದು ಮನುಷ್ಯರು ಓದಲೆಂದು ಬರೆದ ಕಡತವಲ್ಲ; ದ್ವಿಮಾನ ಕಡತ. ಒಂದು ಭಾಷೆಯ ಪ್ರೋಗ್ರಾಂ ಬರೆದ ಇಂತಹ ಕಡತವನ್ನು ಇನ್ನೊಂದು ಭಾಷೆಯ ಪ್ರೋಗ್ರಾಮಿನಿಂದ ಓದಬೇಕಾದಾಗ ಯಾವ ಯಾವ ತಪ್ಪುಗಳಾಗಬಹುದು, ಅವುಗಳಲ್ಲಿ ಯಾವುದು ಹೆಚ್ಚು ಅಪಾಯಕರ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಅಕ್ಷರದ ಬರಹ, ಅಂಕಿಯ ಬರಹ

ಗಣಕಯಂತ್ರದ ಕಡತವೆಂದರೆ ಬೈಟುಗಳ ಒಂದು ಉದ್ದನೆಯ ಸಾಲು. ಒಂದು ಬೈಟಿನಲ್ಲಿ ಎಂಟು ಬಿಟ್ಟುಗಳು, ಎಂದರೆ ಎಂಟು ಸೊನ್ನೆ-ಒಂದುಗಳು ಇರುವುವು. ಆದುದರಿಂದ ಒಂದು ಬೈಟಿನ ಬೆಲೆ 0ಯಿಂದ 255ರ ವರೆಗೆ ಯಾವುದಾದರೂ ಆಗಬಹುದು.

ಒಂದು ದಿನ 12.5 ಮಿಲಿಮೀಟರು ಮಳೆಯಾಯಿತೆಂದು ಇಟ್ಟುಕೊಳ್ಳೋಣ. ಇದನ್ನು ಬರೆದಿಡುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಅಕ್ಷರಗಳ ಮಾರ್ಗ. ಒಂದು, ಎರಡು, ಚುಕ್ಕೆ, ಐದು ಎಂಬ ನಾಲ್ಕು ಗುರುತುಗಳಿಗೆ ಕ್ರಮವಾಗಿ 49, 50, 46, 53 ಎಂಬ ಬೈಟುಗಳನ್ನು ಬರೆಯುವುದು. ಇಂತಹ ಕಡತವನ್ನು ಯಾರು ತೆರೆದರೂ 12.5 ಎಂದೇ ಕಾಣುವುದು. ಆದರೆ ಒಂದೊಂದು ಸಂಖ್ಯೆ ಒಂದೊಂದು ಉದ್ದವಾಗಿರುವುದರಿಂದ, ಹತ್ತು ಸಾವಿರದ ಸಂಖ್ಯೆ ಬೇಕಾದರೆ ಅದಕ್ಕೆ ಮುಂಚಿನ ಎಲ್ಲವನ್ನೂ ಓದಿಕೊಂಡೇ ಹೋಗಬೇಕಾಗುವುದು.

ಎರಡನೆಯದು ದ್ವಿಮಾನ ಮಾರ್ಗ. 12.5ನ್ನು ಎರಡರ ಆಧಾರದಲ್ಲಿ ಬರೆದರೆ 1100.1 ಆಗುವುದು. ಚುಕ್ಕೆಯನ್ನು ಮೂರು ಸ್ಥಾನ ಎಡಕ್ಕೆ ಸರಿಸಿ, ಇದನ್ನು 1.1001 ಗುಣಿಸು ಎರಡರ ಮೂರನೆಯ ಘಾತ ಎಂದು ಹೇಳಬಹುದು. ಹೀಗೆ ಚುಕ್ಕೆ ಸರಿದಾಡುವ ಸಂಖ್ಯೆಗಳಿಗೆ ತೇಲುಬಿಂದು ಸಂಖ್ಯೆಗಳೆಂದು ಹೆಸರು. ಇವುಗಳನ್ನು ಬರೆಯುವ ರೀತಿಯನ್ನು 1985ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯು ಗೊತ್ತುಪಡಿಸಿತು. ಅದರ ಪ್ರಕಾರ 32 ಬಿಟ್ಟುಗಳಲ್ಲಿ ಮೊದಲನೆಯದು ಧನ-ಋಣದ ಗುರುತು. ಮುಂದಿನ ಎಂಟು ಘಾತಕ್ಕೆ 127ನ್ನು ಕೂಡಿಸಿದ ಮೊತ್ತ, ನಮ್ಮ ಉದಾಹರಣೆಯಲ್ಲಿ 130. ಉಳಿದ 23 ಬಿಟ್ಟುಗಳು ಚುಕ್ಕೆಯ ಬಲಗಡೆಯ ಭಾಗ. ಹೀಗೆ ಬರೆದಾಗ 12.5 ಎಂಬುದು 65, 72, 0, 0 ಎಂಬ ನಾಲ್ಕು ಬೈಟುಗಳಾಗುವುದು.

ಇಂಗ್ಲಿಷಿನ ಎ ಅಕ್ಷರದ ಸಂಕೇತವೂ 65. ಎಚ್ ಅಕ್ಷರದ ಸಂಕೇತವೂ 72. ಆದುದರಿಂದ ಅಕ್ಷರಗಳನ್ನಷ್ಟೆ ಬಲ್ಲ ಪ್ರೋಗ್ರಾಂ ಹನ್ನೆರಡೂವರೆ ಮಿಲಿಮೀಟರು ಮಳೆಯನ್ನು ಎರಡು ರೋಮನ್ ಅಕ್ಷರಗಳೆಂದು ತೋರಿಸುವುದು. ಬೈಟಿನ ಮೇಲೆ ತಾನು ಅಕ್ಷರವೊ ಅಂಕಿಯೊ ಎಂಬ ಚೀಟಿ ಅಂಟಿಸಿರುವುದಿಲ್ಲ. ಅದನ್ನು ಓದುವವರು ಮೊದಲೇ ತಿಳಿದಿರಬೇಕು. ಈ ಒಂದು ಮಾತಿನಿಂದಲೇ ಮುಂದಿನ ತೊಡಕುಗಳೆಲ್ಲವೂ ಹುಟ್ಟುವುವು.

ಜಾಲದಲ್ಲಿ ಧಾರವಾಡದ ಸ್ಥಾನ

ಹವಾಮಾನ ಇಲಾಖೆಯ ಈ ಜಾಲವು ಉತ್ತರ ಅಕ್ಷಾಂಶ 6.5ರಿಂದ 38.5ರ ವರೆಗೂ ಪೂರ್ವ ರೇಖಾಂಶ 66.5ರಿಂದ 100ರ ವರೆಗೂ ಹಬ್ಬಿದೆ. ಕಾಲು ಡಿಗ್ರಿಗೆ ಒಂದರಂತೆ ಜಾಲಬಿಂದುಗಳಿವೆ. ಲೆಕ್ಕ ಹಾಕಿದರೆ ದಕ್ಷಿಣೋತ್ತರವಾಗಿ 129, ಪೂರ್ವಪಶ್ಚಿಮವಾಗಿ 135, ಒಟ್ಟಿಗೆ 17,415 ಬಿಂದುಗಳಾಗುವುವು. ಒಂದೊಂದು ಬಿಂದುವಿನ ಮಳೆಗೆ ನಾಲ್ಕು ಬೈಟುಗಳು. ಆದುದರಿಂದ ಒಂದು ದಿನಕ್ಕೆ 69,660 ಬೈಟುಗಳು. 365 ದಿನಗಳ ಒಂದು ವರ್ಷಕ್ಕೆ 2,54,25,900 ಬೈಟುಗಳು.

ಬರೆಯುವ ಕ್ರಮ ಹೀಗಿದೆ. ತೀರ ದಕ್ಷಿಣದ ಅಕ್ಷಾಂಶದಲ್ಲಿ ಪಶ್ಚಿಮದ ತುದಿಯಿಂದ ಹೊರಟು ಪೂರ್ವಕ್ಕೆ 135 ಬಿಂದುಗಳನ್ನು ಮುಗಿಸುವುದು. ಅನಂತರ ಕಾಲು ಡಿಗ್ರಿ ಉತ್ತರಕ್ಕೆ ಸರಿದು, ಮತ್ತೆ ಪಶ್ಚಿಮದಿಂದ ಪೂರ್ವಕ್ಕೆ. ಹೀಗೆ 129 ಸಾಲುಗಳು ಮುಗಿದರೆ ಜನವರಿ 1ನೆಯ ತಾರೀಖು ಮುಗಿಯಿತು. ಮರುದಿನದ ಲೆಕ್ಕ ಕೂಡಲೇ ಆರಂಭವಾಗುವುದು. ನಡುವೆ ತಾರೀಖು ಇಲ್ಲ, ಊರಿನ ಹೆಸರಿಲ್ಲ, ಗೆರೆಯಿಲ್ಲ.

ಧಾರವಾಡವು 15.46 ಅಕ್ಷಾಂಶ, 75.01 ರೇಖಾಂಶದಲ್ಲಿದೆ, ಎಂದರೆ 15.5, 75.0 ಎಂಬ ಜಾಲಬಿಂದುವಿಗೆ ತೀರ ಸಮೀಪ. ಈ ಬಿಂದುವಿನ ದಕ್ಷಿಣಕ್ಕೆ 36 ಪೂರ್ತಿ ಸಾಲುಗಳು ಕಳೆದಿರುತ್ತವೆ; ಅದರ ಸಾಲಿನಲ್ಲಿಯೇ ಪಶ್ಚಿಮಕ್ಕೆ 34 ಬಿಂದುಗಳು ಕಳೆದಿರುತ್ತವೆ. 36ನ್ನು 135ರಿಂದ ಗುಣಿಸಿ 34ನ್ನು ಕೂಡಿಸಿದರೆ 4,894. ಇಷ್ಟು ಸಂಖ್ಯೆಗಳನ್ನು, ಅಂದರೆ 19,576 ಬೈಟುಗಳನ್ನು ದಾಟಿದ ಮೇಲೆ ಬರುವ ನಾಲ್ಕು ಬೈಟುಗಳೇ ಜನವರಿ 1ರ ಧಾರವಾಡದ ಮಳೆ. ಜುಲೈ 1ರ ಮಳೆ ಬೇಕಾದರೆ ಅದಕ್ಕೆ ಮುಂಚಿನ 181 ದಿನಗಳನ್ನೂ ದಾಟಬೇಕು. ಆಗ ಬಿಡಬೇಕಾದ ಬೈಟುಗಳು 1,26,28,036. ಅಧಿಕ ವರ್ಷದಲ್ಲಿ 182 ದಿನಗಳನ್ನು ದಾಟಬೇಕೆಂಬುದನ್ನು ಮರೆತರೆ ಜೂನ್ 30ರ ಮಳೆಯೇ ಜುಲೈ 1ರ ಮಳೆಯೆಂದು ಕೈಗೆ ಬರುವುದು. ಇಲ್ಲಿ ಇನ್ನೊಂದು ಮಾತು: ಇಲಾಖೆಯ ಲೆಕ್ಕದಲ್ಲಿ ಒಂದು ತಾರೀಖಿನ ಮಳೆಯೆಂದರೆ ಆ ದಿನ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಮುಗಿಯುವ 24 ಗಂಟೆಗಳ ಮಳೆ. ಇದೂ ಕಡತದಲ್ಲಿ ಬರೆದಿರುವುದಿಲ್ಲ.

ಹುಬ್ಬಳ್ಳಿಯ ಸ್ಥಿತಿ ಬೇರೆ. 15.36 ಅಕ್ಷಾಂಶ, 75.12 ರೇಖಾಂಶದಲ್ಲಿರುವ ಆ ಊರು ನಾಲ್ಕು ಜಾಲಬಿಂದುಗಳ ಸರಿಸುಮಾರು ನಟ್ಟನಡುವೆ ಬೀಳುವುದು. ಅದರ ಮಳೆಯನ್ನು ಅಂದಾಜು ಮಾಡಲು 4,759, 4,760, 4,894, 4,895 ಎಂಬ ನಾಲ್ಕು ಸ್ಥಾನಗಳ ಸರಾಸರಿಯನ್ನು ತೆಗೆಯಬೇಕು. ಅವುಗಳಲ್ಲಿ ಒಂದು ಧಾರವಾಡದ ಬಿಂದುವೇ ಆಗಿದೆ.

ಇದೇ ದ್ವಿಮಾನ ಕಡತದ ಹೆಚ್ಚಳ. ಎಲ್ಲ ಸಂಖ್ಯೆಗಳೂ ಒಂದೇ ಅಳತೆಯಾದುದರಿಂದ ಒಂದು ಗುಣಾಕಾರ, ಒಂದು ಸಂಕಲನ ಮಾಡಿ ನೆಟ್ಟಗೆ ಬೇಕಾದ ಸ್ಥಳಕ್ಕೆ ಜಿಗಿಯಬಹುದು. ಆದರೆ ಹೆಸರೂರು ಇಲ್ಲದ ಸಾಲಿನಲ್ಲಿ ಎಣಿಕೆಯೊಂದೇ ವಿಳಾಸ. ಎಣಿಕೆ ತಪ್ಪಿದರೆ ಊರೇ ತಪ್ಪುವುದು.

ಮೊದಲನೆಯ ತೊಡಕು: ಅಡ್ಡಸಾಲು, ಕಂಬಸಾಲು

ಹುಬ್ಬಳ್ಳಿಯ ಅಡತಿ ಅಂಗಡಿಯೊಂದರಲ್ಲಿ ಒಬ್ಬ ಗುಮಾಸ್ತನು ಆರು ಅಂಕಿಗಳನ್ನು ಒಂದರಿಂದ ಆರರ ವರೆಗೆ ಕೂಗಿ ಹೇಳುತ್ತಾನೆ. ಇನ್ನೊಬ್ಬನು ಎರಡು ಅಡ್ಡಸಾಲು, ಮೂರು ಕಂಬಸಾಲುಗಳ ಕೋಷ್ಟಕದಲ್ಲಿ ತುಂಬುತ್ತಾನೆ. ಅಡ್ಡಡ್ಡಲಾಗಿ ತುಂಬುವವನ ಮೊದಲನೆಯ ಸಾಲು 1, 2, 3 ಆಗುವುದು. ಮೇಲಿನಿಂದ ಕೆಳಕ್ಕೆ ತುಂಬುವವನ ಮೊದಲನೆಯ ಸಾಲು 1, 3, 5 ಆಗುವುದು. ಕೂಗಿದುದು ಒಂದೇ; ಕೋಷ್ಟಕಗಳು ಎರಡು.

ಪ್ರೋಗ್ರಾಂ ಭಾಷೆಗಳಲ್ಲಿಯೂ ಈ ಎರಡು ಸಂಪ್ರದಾಯಗಳಿವೆ. 1957ರಲ್ಲಿ ಐಬಿಎಂ ಸಂಸ್ಥೆಯಿಂದ ಹೊರಬಂದ ಫೋರ್‌ಟ್ರಾನ್ ಭಾಷೆಯು ಕೋಷ್ಟಕವನ್ನು ಕಂಬಸಾಲಿನ ಕ್ರಮದಲ್ಲಿ ಇಡುವುದು. ಸಂಖ್ಯಾಶಾಸ್ತ್ರಜ್ಞರು ಬಳಸುವ ಆರ್ ಭಾಷೆಯೂ ಅದನ್ನೇ ಅನುಸರಿಸುವುದು. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಸಿ ಭಾಷೆಯು ಅಡ್ಡಸಾಲಿನ ಕ್ರಮದಲ್ಲಿ ಇಡುವುದು. ಪೈಥಾನ್ ಭಾಷೆಯಲ್ಲಿ ಸಂಖ್ಯೆಗಳ ಕೆಲಸಕ್ಕೆ ಬಳಸುವ ನಮ್‌ಪೈ ಸಲಕರಣೆಯೂ, ಬೇರೆ ಅಪ್ಪಣೆಯಿಲ್ಲದಿದ್ದರೆ, ಹಾಗೆಯೇ ಇಡುವುದು. ಆದುದರಿಂದ ನಮ್ಮ ಮಳೆಯ ಕೋಷ್ಟಕವನ್ನು ಸಿ ಭಾಷೆಯಲ್ಲಿ 129 ಅಡ್ಡಸಾಲು, 135 ಕಂಬಸಾಲು ಎಂದು ಹೇಳಿದರೆ, ಫೋರ್‌ಟ್ರಾನಿನಲ್ಲಿ ಅದೇ ಕಡತವನ್ನು 135, 129 ಎಂದು ಹಿಂದುಮುಂದಾಗಿ ಹೇಳಬೇಕು.

ಇದನ್ನರಿಯದೆ ಫೋರ್‌ಟ್ರಾನಿನಲ್ಲಿಯೂ 129, 135 ಎಂದೇ ಬರೆದು ಧಾರವಾಡದ ಸ್ಥಾನವನ್ನು ಕೇಳಿದರೆ ಏನಾಗುವುದು? ಪ್ರೋಗ್ರಾಂ 4,894ರ ಬದಲು 4,422 ಸಂಖ್ಯೆಗಳನ್ನು ದಾಟಿ ಮುಂದಿನದನ್ನು ಕೊಡುವುದು. ಅದು 14.5 ಅಕ್ಷಾಂಶ, 92 ರೇಖಾಂಶದ ಬಿಂದು. ಭೂಪಟದಲ್ಲಿ ನೋಡಿದರೆ ಅದು ಅಂಡಮಾನಿನ ವಾಯವ್ಯಕ್ಕೆ ಬಂಗಾಳ ಕೊಲ್ಲಿಯ ನೀರಿನಲ್ಲಿದೆ! ಇಲಾಖೆಯು ಸಮುದ್ರದ ಮೇಲಿನ ಬಿಂದುಗಳಿಗೆ ಮಳೆಯ ಬದಲು ಋಣ 999 ಎಂಬ ಗುರುತನ್ನು ಹಾಕಿರುವುದು. ಮಳೆ ಋಣವಾಗಲಾರದಷ್ಟೆ. ವಿದ್ಯಾರ್ಥಿನಿ ಬೆಚ್ಚಿ, ತಪ್ಪನ್ನು ಹುಡುಕುವಳು. ಇದು ತಾನಾಗಿ ಕೂಗಿ ಹೇಳುವ ತಪ್ಪು. ಆ ಕಾರಣದಿಂದಲೇ ಅಷ್ಟೊಂದು ಅಪಾಯದ್ದಲ್ಲ.

ಎರಡನೆಯ ತೊಡಕು: ಬೈಟುಗಳ ಹಿಂದುಮುಂದು

ಕನ್ನಡಿಗರು ಇಪ್ಪತ್ತೈದು ಎನ್ನುವಾಗ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಅನಂತರ. ಹುಬ್ಬಳ್ಳಿಯ ಪೇಟೆಯಲ್ಲಿ ಕಿವಿಗೆ ಬೀಳುವ ಮರಾಠಿಯಲ್ಲಿ ಅದು ಪಂಚವೀಸ್. ಬಿಡಿ ಮೊದಲು, ಹತ್ತು ಅನಂತರ. ಶಾಸನಗಳಲ್ಲಿಯೂ ಹಳೆಯ ಜ್ಯೋತಿಷ ಗ್ರಂಥಗಳಲ್ಲಿಯೂ ಪದಗಳಿಂದ ಸಂಖ್ಯೆಯನ್ನು ಸೂಚಿಸುವಾಗ ಬಿಡಿಯಿಂದಲೇ ಆರಂಭಿಸುವ ಪದ್ಧತಿಯಿತ್ತು. ವೇದವೆಂದರೆ ನಾಲ್ಕು, ನೇತ್ರವೆಂದರೆ ಎರಡು. ವೇದ-ನೇತ್ರವೆಂದರೆ 24, 42 ಅಲ್ಲ. ಯಾವ ಕ್ರಮವೂ ತಪ್ಪಲ್ಲ. ಹೇಳುವವನದೂ ಕೇಳುವವನದೂ ಕ್ರಮ ಬೇರೆಯಾದರೆ ಮಾತ್ರ ತಪ್ಪು.

ಗಣಕಯಂತ್ರಗಳಲ್ಲಿಯೂ ಹೀಗೆಯೇ. 12.5ರ ನಾಲ್ಕು ಬೈಟುಗಳನ್ನು ಕೆಲವು ಯಂತ್ರಗಳು 65, 72, 0, 0 ಎಂದು ದೊಡ್ಡ ಸ್ಥಾನದಿಂದ ಬರೆಯುವುವು. ಇಂದು ನಮ್ಮ ಮೇಜುಗಳ ಮೇಲಿರುವ ಬಹುಪಾಲು ಯಂತ್ರಗಳು 0, 0, 72, 65 ಎಂದು ಚಿಕ್ಕ ಸ್ಥಾನದಿಂದ ಬರೆಯುವುವು. ಜೊನಾಥನ್ ಸ್ವಿಫ್ಟನು 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸದ ಕಥೆಯಲ್ಲಿ, ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೊ ಚಿಕ್ಕ ತುದಿಯಿಂದ ಒಡೆಯಬೇಕೊ ಎಂದು ಜಗಳವಾಡುವ ಪಂಗಡಗಳು ಬರುತ್ತವೆ. ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ 1980ರ ಏಪ್ರಿಲ್ 1ರ ತಾರೀಖು ಹಾಕಿದ ಲೇಖನದಲ್ಲಿ ಬೈಟುಗಳ ಈ ಕ್ರಮಭೇದಕ್ಕೂ ಅವೇ ಹೆಸರುಗಳನ್ನು ಅನ್ವಯಿಸಿದನು. ಅಂದಿನಿಂದ ದೊಡ್ಡ ತುದಿಯ ಯಂತ್ರ, ಚಿಕ್ಕ ತುದಿಯ ಯಂತ್ರ ಎಂಬ ಮಾತುಗಳು ರೂಢಿಗೆ ಬಂದುವು.

ಚಿಕ್ಕ ತುದಿಯಿಂದ ಬರೆದ ಮಳೆಯ ಕಡತವನ್ನು ದೊಡ್ಡ ತುದಿಯ ಕ್ರಮದಲ್ಲಿ ಓದಿದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ದಿನದ ಮಳೆ 12.3 ಮಿಲಿಮೀಟರು ಇದ್ದರೆ, ಅದು ಸುಮಾರು ಋಣ 42 ಕೋಟಿಗೂ ಮೀರಿದ ಸಂಖ್ಯೆಯಾಗಿ ಕಾಣುವುದು. ಇದು ಅಸಂಬದ್ಧವೆಂದು ಮಗುವಿಗೂ ತಿಳಿಯುವುದು. ಆದರೆ ಮಳೆ 12.5 ಇದ್ದರೆ? ಆಗ ಬರುವ ಸಂಖ್ಯೆ ಎಷ್ಟು ಚಿಕ್ಕದೆಂದರೆ, ದಶಮಾಂಶ ಬಿಂದುವಿನ ಅನಂತರ ನಲವತ್ತು ಸೊನ್ನೆಗಳು ಕಳೆದ ಮೇಲೆ ಮೊದಲನೆಯ ಅಂಕಿ ಕಾಣುವುದು. ಎರಡು ದಶಮಾಂಶ ಸ್ಥಾನಗಳಿಗೆ ಅಚ್ಚು ಮಾಡಿದರೆ ಅದು 0.00. ಸಮುದ್ರದ ಗುರುತಾದ ಋಣ 999 ಕೂಡ ಹೀಗೆಯೇ ತಿರುಗಿ 0.00 ಆಗುವುದು.

ಇಲ್ಲಿಯೇ ನಿಜವಾದ ಅಪಾಯವಿದೆ. ಅವಸರದಲ್ಲಿರುವ ಓದುಗನು ಕೋಟಿಗಟ್ಟಲೆಯ ಅಸಂಬದ್ಧ ಸಂಖ್ಯೆಗಳನ್ನು ಕಂಡು, ಕಡತದಲ್ಲಿ ಅಲ್ಲಲ್ಲಿ ಹಾಳಾದ ಅಂಕಿಗಳಿವೆಯೆಂದು ಭಾವಿಸಿ, ಅವುಗಳನ್ನು ಕಿತ್ತುಹಾಕಿ ಉಳಿದವನ್ನು ಇಟ್ಟುಕೊಳ್ಳಬಹುದು. ಉಳಿಯುವವುಗಳಲ್ಲಿ ಸೊನ್ನೆಗಳೂ ಸೊನ್ನೆಯಂತೆ ಕಾಣುವವೂ ಹೇರಳವಾಗಿರುವುವು. ಒಂದು ದಿನ 2.5 ಮಿಲಿಮೀಟರು ಇಲ್ಲವೆ ಅದಕ್ಕಿಂತ ಹೆಚ್ಚು ಮಳೆಯಾದರೆ ಅದನ್ನು ಮಳೆಯ ದಿನವೆಂದು ಇಲಾಖೆಯು ಎಣಿಸುವುದು. ಹೀಗೆ ಶುದ್ಧಿಮಾಡಿದ ಕೋಷ್ಟಕದಲ್ಲಿ ಮಳೆಯ ದಿನಗಳನ್ನು ಎಣಿಸಿದರೆ ಒಳ್ಳೆಯ ಮುಂಗಾರು ಬರಗಾಲವಾಗಿ ತೋರುವುದು. ಮಳೆಯೇನೋ ಹೊಲದ ಮೇಲೆ ಸುರಿದಿತ್ತು. ಲೆಕ್ಕದಲ್ಲಿ ಮಾತ್ರ ಅದು ಒಣಗಿಹೋಯಿತು. ಬಿತ್ತನೆಯ ಕಾಲದ ಬಗ್ಗೆ ಆ ಲೆಕ್ಕದಿಂದ ಯಾರಾದರೂ ಸಲಹೆ ಕೊಟ್ಟರೆ ಅದರ ಹಾನಿಯನ್ನು ಅನುಭವಿಸುವವನು ರೈತನು.

ಮೂರನೆಯ ತೊಡಕು: ಕಾಣದ ಗುರುತುಗಳು

ಇಲಾಖೆಯ ಮೂಲ ಕಡತದಲ್ಲಿ ಮಳೆಯ ಸಂಖ್ಯೆಗಳ ಹೊರತು ಬೇರೇನೂ ಇಲ್ಲ. ಆದರೆ ಯಾರಾದರೊಬ್ಬರು ಅದನ್ನು ಫೋರ್‌ಟ್ರಾನ್ ಪ್ರೋಗ್ರಾಮಿನಿಂದ ಓದಿ, ಏನೋ ಒಂದು ತಿದ್ದುಪಡಿ ಮಾಡಿ, ಆ ಭಾಷೆಯ ಎಂದಿನ ದ್ವಿಮಾನ ರೀತಿಯಲ್ಲಿ ದಿನಕ್ಕೊಂದು ದಾಖಲೆಯಂತೆ ಮತ್ತೆ ಬರೆದರೆಂದು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಫೋರ್‌ಟ್ರಾನ್ ಪ್ರತಿ ದಾಖಲೆಯ ಹಿಂದೆಯೂ ಮುಂದೆಯೂ ನಾಲ್ಕು ನಾಲ್ಕು ಬೈಟುಗಳಲ್ಲಿ ಆ ದಾಖಲೆಯ ಉದ್ದವನ್ನು ಬರೆಯುವುದು. ಇಲ್ಲಿ 69,660 ಎಂದು ಎರಡು ಸಲ. ಫೋರ್‌ಟ್ರಾನಿನಲ್ಲಿಯೇ ಮರಳಿ ಓದುವವರಿಗೆ ಈ ಗುರುತುಗಳು ಕಾಣಿಸುವುದೇ ಇಲ್ಲ. ಸಿ, ಪೈಥಾನ್ ಮೊದಲಾದ ಭಾಷೆಗಳಲ್ಲಿ ಓದುವವರಿಗೆ ಅವು ಇವೆಯೆಂಬುದೇ ತಿಳಿದಿರುವುದಿಲ್ಲ. ಅವುಗಳನ್ನೂ ಮಳೆಯ ಸಂಖ್ಯೆಗಳೆಂದು ಎಣಿಸಿಬಿಡುವರು.

ಪರಿಣಾಮವನ್ನು ಧಾರವಾಡದಿಂದಲೇ ನೋಡೋಣ. ಮೊದಲನೆಯ ದಿನ ಒಂದು ಗುರುತು ಅಧಿಕವಾಗಿರುವುದರಿಂದ ಎಣಿಕೆ ಒಂದು ಸ್ಥಾನ ಜಾರುವುದು. ಧಾರವಾಡವೆಂದು ಓದಿದುದು 74.75 ರೇಖಾಂಶದ ಬಿಂದುವಿನ ಮಳೆಯಾಗುವುದು. ಅದು ಸುಮಾರು 27 ಕಿಲೋಮೀಟರು ಪಶ್ಚಿಮಕ್ಕೆ, ಅಳ್ನಾವರದ ಬಳಿ ಇದೆ. ಎರಡನೆಯ ದಿನ ಮೂರು ಗುರುತುಗಳು ಕಳೆದಿರುವುದರಿಂದ 74.25ಕ್ಕೆ, ಎಂದರೆ ಗೋವೆಯ ಮೊಲೆಮ್ ಅರಣ್ಯದ ಕಡೆಗೆ ಹೋಗುವುದು. ಮೂರನೆಯ ದಿನ 73.75ಕ್ಕೆ, ಪಣಜಿಯ ಹತ್ತಿರಕ್ಕೆ. ನಾಲ್ಕನೆಯ ದಿನ 73.25ಕ್ಕೆ; ಅಲ್ಲಿ ಅರಬ್ಬೀ ಸಮುದ್ರ.

ವರ್ಷದ ಕೋಷ್ಟಕವನ್ನು ನೋಡುವವರಿಗೆ ನಾಲ್ಕನೆಯ ದಿನದ ಋಣ 999 ಎಚ್ಚರಿಕೆ ಕೊಡುವುದು. ಆದರೆ ಮೊದಲನೆಯ ದಿನದ ಅಂಕಿಯನ್ನು ಮಾತ್ರ ಪರೀಕ್ಷಿಸಿ ತೃಪ್ತರಾದವರಿಗೆ ಏನೂ ತಿಳಿಯುವುದಿಲ್ಲ. ಅಳ್ನಾವರದ ಮಳೆ ಮಳೆಯಂತೆಯೇ ಇರುವುದು. ಅದರ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಗುರುತುಗಳೇ ಇಲ್ಲದ ಮೂಲ ಕಡತದಲ್ಲಿಯೂ ಈ ತಪ್ಪು ಇನ್ನೊಂದು ದಾರಿಯಿಂದ ಬರಬಹುದು. ಸಿ, ಪೈಥಾನ್ ಭಾಷೆಗಳು ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುವು. ಫೋರ್‌ಟ್ರಾನ್, ಆರ್ ಭಾಷೆಗಳು ಸಾಧಾರಣವಾಗಿ ಒಂದರಿಂದ ಆರಂಭಿಸುವುವು. 4,894 ಎಂಬ ಸ್ಥಾನವನ್ನು ಒಂದು ಕೂಡಿಸದೆ ಹಾಗೆಯೇ ಎರಡನೆಯ ಗುಂಪಿನ ಭಾಷೆಗೆ ಕೊಟ್ಟರೆ ವರ್ಷದ ಎಲ್ಲ ದಿನಗಳಲ್ಲಿಯೂ ಧಾರವಾಡದ ಬದಲು ಅಳ್ನಾವರದ ಬಳಿಯ ಬಿಂದುವೇ ಸಿಕ್ಕುವುದು. ಈಗಂತೂ ಎಚ್ಚರಿಸುವುದಕ್ಕೆ ಸಮುದ್ರವೂ ಇಲ್ಲ. ಭತ್ತದ ಸೀಮೆಯ ಮಳೆ ಧಾರವಾಡದ ಹೆಸರಿನಲ್ಲಿ ಅಚ್ಚಾಗುವುದು.

ನಾಲ್ಕನೆಯ ತೊಡಕು: ಸಂಖ್ಯೆಯ ಅಳತೆ ಮತ್ತು ಇಲ್ಲದ ಮಳೆ

ತೇಲುಬಿಂದು ಸಂಖ್ಯೆಗಳನ್ನು ನಾಲ್ಕು ಬೈಟುಗಳಲ್ಲಿಯೂ ಬರೆಯಬಹುದು, ಹೆಚ್ಚು ನಿಷ್ಕೃಷ್ಟತೆ ಬೇಕಾದರೆ ಎಂಟು ಬೈಟುಗಳಲ್ಲಿಯೂ ಬರೆಯಬಹುದು. ಪೈಥಾನಿನ ನಮ್‌ಪೈಗೂ ಆರ್ ಭಾಷೆಗೂ ಏನೂ ಹೇಳದಿದ್ದರೆ ಅವು ಎಂಟು ಬೈಟುಗಳ ಸಂಖ್ಯೆಗಳೆಂದೇ ತಿಳಿದು ಓದುವುವು. ಆಗ ಎರಡು ಊರುಗಳ ಮಳೆ ಬೆಸೆದುಕೊಂಡು ಯಾವ ಊರಿನದೂ ಅಲ್ಲದ ಒಂದು ಸಂಖ್ಯೆಯಾಗುವುದು.

ಋಣ 999ರ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಅದು ಮಳೆಯಲ್ಲ, ಮಳೆಯ ಲೆಕ್ಕ ಇಲ್ಲವೆಂಬ ಗುರುತು. ಕರಾವಳಿಯ ಒಂದು ಊರಿನ ಸುತ್ತಲಿನ ನಾಲ್ಕು ಬಿಂದುಗಳಲ್ಲಿ ಮೂರರ ಮಳೆ 20, 30, 40 ಮಿಲಿಮೀಟರು, ನಾಲ್ಕನೆಯದು ಸಮುದ್ರದಲ್ಲಿ ಎಂದಿಟ್ಟುಕೊಳ್ಳೋಣ. ಗುರುತನ್ನು ತಿಳಿಯದೆ ಸರಾಸರಿ ತೆಗೆದರೆ ಋಣ 227.25 ಬರುವುದು. ಈ ತಪ್ಪು ಕೂಡಲೇ ಕಾಣುವುದು. ಆದರೆ ವರ್ಷಕ್ಕೆ 3,000 ಮಿಲಿಮೀಟರು ಮಳೆ ಬೀಳುವ ಒಂದು ಕೇಂದ್ರದ ದಾಖಲೆಯಲ್ಲಿ ಒಂದೇ ಒಂದು ದಿನದ ಲೆಕ್ಕ ಇಲ್ಲದೆ ಈ ಗುರುತು ಇದ್ದರೆ ಮೊತ್ತವು 2,001 ಆಗುವುದು. 2,001 ಎಂಬುದು ನಂಬುವಂತಹ ಸಂಖ್ಯೆ. ಒಂದು ಸಾವಿರ ಮಿಲಿಮೀಟರು ಮಳೆ ಸದ್ದಿಲ್ಲದೆ ಕಾಣೆಯಾಗಿರುವುದು.

ಪರಿಹಾರ

ಈ ನಾಲ್ಕು ತೊಡಕುಗಳನ್ನು ಒಟ್ಟಿಗೆ ನೋಡಿದರೆ ಒಂದು ವಿಷಯ ಸ್ಪಷ್ಟವಾಗುವುದು. ಎಲ್ಲಿಯೂ ಕಡತ ಕೆಟ್ಟಿಲ್ಲ. ಬರೆದ ಪ್ರೋಗ್ರಾಮಿನಲ್ಲಿಯೂ ಓದುವ ಪ್ರೋಗ್ರಾಮಿನಲ್ಲಿಯೂ ಪ್ರತ್ಯೇಕವಾಗಿ ದೋಷವಿಲ್ಲ. ಅವೆರಡರ ನಡುವೆ ಇರಬೇಕಾದ ಒಪ್ಪಂದ ತಪ್ಪಿಹೋಗಿದೆ. ಅಸಂಬದ್ಧ ಉತ್ತರ ಬಂದರೆ ಅದನ್ನು ತಿದ್ದಿಕೊಳ್ಳಬಹುದು. ನಂಬುವಂತಹ ತಪ್ಪು ಉತ್ತರವೇ ನಮ್ಮ ಶತ್ರು. ಆದುದರಿಂದ ಉತ್ತರವು ಸರಿಯಾಗಿ ಕಾಣುತ್ತಿದೆಯೆಂಬ ಕಾರಣಕ್ಕೆ ನಂಬದೆ, ಮೊದಲು ಈ ಕೆಳಗಿನ ಪರೀಕ್ಷೆಗಳನ್ನು ಮಾಡುವುದು ಒಳ್ಳೆಯದು.

ಮೊದಲನೆಯದು, ಕಡತದ ಗಾತ್ರವನ್ನು ನೋಡುವುದು. ಸಾಧಾರಣ ವರ್ಷದ ಕಡತ 2,54,25,900 ಬೈಟುಗಳಿರಬೇಕು, ಅಧಿಕ ವರ್ಷದ್ದು 2,54,95,560. ಸಾಧಾರಣ ವರ್ಷದ ಕಡತದಲ್ಲಿ 2,54,28,820 ಬೈಟುಗಳಿದ್ದರೆ, ಹೆಚ್ಚಾಗಿರುವ 2,920ನ್ನು 365ರಿಂದ ಭಾಗಿಸಿ; ದಿನಕ್ಕೆ 8 ಬೈಟುಗಳೆಂದು ಬರುವುದು. ಫೋರ್‌ಟ್ರಾನಿನ ಗುರುತುಗಳು ಸಿಕ್ಕಿಬಿದ್ದುವು! ಸಾಧಾರಣ ವರ್ಷದ ಮೂಲ ಕಡತವನ್ನು 8ರಿಂದ ಭಾಗಿಸಿದರೆ ಅರ್ಧ ಉಳಿಯುವುದು. ಅದು ಎಂಟು ಬೈಟುಗಳ ಸಂಖ್ಯೆಗಳ ಕಡತವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು, ಸಮುದ್ರವನ್ನು ನೋಡುವುದು. ಒಂದು ದಿನದ ಕೋಷ್ಟಕದಲ್ಲಿ ಋಣ 999 ಇರುವ ಕಡೆ ಚುಕ್ಕೆಯನ್ನೂ ಉಳಿದ ಕಡೆ ಬೇರೊಂದು ಗುರುತನ್ನೂ ಅಚ್ಚು ಮಾಡಿದರೆ ಭಾರತದ ಆಕಾರ ಮೂಡಬೇಕು. ಸಾಲುಗಳು ದಕ್ಷಿಣದಿಂದ ಆರಂಭವಾಗುವುದರಿಂದ ಕನ್ಯಾಕುಮಾರಿ ಮೇಲುಗಡೆ ಬರುವುದು, ಇದಕ್ಕೆ ಗಾಬರಿಯಾಗಬೇಕಿಲ್ಲ. ಆಕಾರವು ಹರಿದು ಚೂರಾಗಿದ್ದರೆ ಸಾಲುಗಳ ಎಣಿಕೆ ತಪ್ಪಿದೆ. ಋಣ 999 ಎಲ್ಲಿಯೂ ಇಲ್ಲದಿದ್ದರೆ ಬೈಟುಗಳ ಕ್ರಮವೊ ಸಂಖ್ಯೆಯ ಅಳತೆಯೊ ತಪ್ಪಿದೆ. ವರ್ಷದ ಕೊನೆಯ ದಿನಕ್ಕೂ ಇದೇ ಪರೀಕ್ಷೆಯನ್ನು ಮಾಡಬೇಕು. ದಿನದಿನವೂ ಜಾರುವ ತಪ್ಪು ಕೊನೆಯಲ್ಲಿ ಬಯಲಾಗುವುದು.

ಮೂರನೆಯದು, ಬಲ್ಲ ಮಳೆಯೊಂದನ್ನು ಹಿಡಿದು ನೋಡುವುದು. ಬೇರೊಂದು ಮೂಲದಿಂದ ತಿಳಿದಿರುವ ಭಾರಿ ಮಳೆಯ ದಿನವೊಂದನ್ನು ಆರಿಸಿಕೊಂಡು, ಜಾಲದಲ್ಲಿಯೂ ಆ ದಿನ ಆ ಪ್ರದೇಶದಲ್ಲಿ ಭಾರಿ ಮಳೆ ಇದೆಯೆ ಎಂದು ಪರೀಕ್ಷಿಸಬೇಕು. ಜಾಲದ ಸಂಖ್ಯೆಯು ಸುತ್ತಲಿನ ಕೇಂದ್ರಗಳಿಂದ ಅಂದಾಜು ಮಾಡಿದುದಾದ್ದರಿಂದ ಎರಡೂ ಅಕ್ಷರಶಃ ಒಂದೇ ಆಗಿರಬೇಕಾಗಿಲ್ಲ.

ನಾಲ್ಕನೆಯದು ಕಡತವನ್ನು ಬರೆಯುವವರ ಕರ್ತವ್ಯ. ಎಷ್ಟು ಬೈಟುಗಳ ಸಂಖ್ಯೆ, ಯಾವ ತುದಿ ಮೊದಲು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಇಲ್ಲದ ಲೆಕ್ಕದ ಗುರುತೇನು, ದಿನವೆಂದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ — ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕಡತದೊಡನೆ ಇಡಬೇಕು. ಈ ಹಾಳೆಯನ್ನು ಕಡತದ ಒಳಗೇ ಹೊಲಿದಂತಹ ವ್ಯವಸ್ಥೆಗಳೂ ಇವೆ. ಅಮೆರಿಕದ ಯೂನಿಡೇಟಾ ಸಂಸ್ಥೆಯು ರೂಪಿಸಿದ ನೆಟ್‌ಸಿಡಿಎಫ್ ಅಂತಹುದೊಂದು. ಅದರಲ್ಲಿ ಸಂಖ್ಯೆಗಳೊಡನೆ ಅವುಗಳ ಹೆಸರು, ಮಾನ, ಅಕ್ಷಾಂಶ ರೇಖಾಂಶಗಳು, ತಾರೀಖುಗಳು ಎಲ್ಲವೂ ಇರಬಲ್ಲವು. ಯಾವ ಭಾಷೆಯಿಂದ ಓದಿದರೂ ಬೈಟುಗಳ ಕ್ರಮದ ಚಿಂತೆಯನ್ನು ಅದರ ಸಲಕರಣೆಯೇ ವಹಿಸಿಕೊಳ್ಳುವುದು. ಹವಾಮಾನ ಇಲಾಖೆಯು ಈ ಮಳೆಯ ಜಾಲವನ್ನು ಸರಳ ದ್ವಿಮಾನ ರೂಪದಲ್ಲಿಯೂ ನೆಟ್‌ಸಿಡಿಎಫ್ ರೂಪದಲ್ಲಿಯೂ ಒದಗಿಸಿರುವುದು. ಎರಡನ್ನೂ ಓದಿ ಹೋಲಿಸಿ ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ವಾಚಕರು ತಾವಾಗಿ ಮಾಡಿ ನೋಡಲು ಒಂದು ಲೆಕ್ಕವನ್ನು ಇಲ್ಲಿ ಕೊಡುತ್ತೇವೆ. ಬೆಳಗಾವಿಯು 15.85 ಅಕ್ಷಾಂಶ, 74.5 ರೇಖಾಂಶದಲ್ಲಿದೆ. ಅದಕ್ಕೆ ಅತಿ ಸಮೀಪದ ಜಾಲಬಿಂದು ಯಾವುದು? ಒಂದು ದಿನದ ದಾಖಲೆಯಲ್ಲಿ ಎಷ್ಟು ಸಂಖ್ಯೆಗಳನ್ನು, ಎಷ್ಟು ಬೈಟುಗಳನ್ನು ದಾಟಿದರೆ ಅದು ಸಿಕ್ಕುವುದು? ಬಿಂದು 15.75, 74.5, ದಾಟಬೇಕಾದ ಸಂಖ್ಯೆಗಳು 5,027, ಬೈಟುಗಳು 20,108 ಎಂದು ಬಂದರೆ ಲೆಕ್ಕ ಸರಿಯಾಗಿದೆ. ಅನಂತರ ತಮ್ಮ ತಮ್ಮ ಊರಿನ ಸ್ಥಾನವನ್ನು ಕಂಡುಕೊಳ್ಳಬಹುದು. ತಮ್ಮ ಊರಿನ ಮಳೆಯನ್ನು ಬಲ್ಲವರಿಗೆ ಬೇರೆ ಊರಿನ ಮಳೆ ತಮ್ಮದೆಂದು ಬಂದಾಗ ಸಂಶಯ ಹುಟ್ಟುವುದು ಸಹಜ. ಆ ಸಂಶಯವನ್ನು ಕಡೆಗಣಿಸದೆ, ಎಣಿಕೆಯನ್ನು ಮತ್ತೊಮ್ಮೆ ಮೊದಲಿನಿಂದ ಮಾಡಿ ನೋಡಬೇಕು.